ಟೇಬಲ್ ಏರಿದ ಕೌದಿ

ನೇಸರಗಿಯ ಕಾಡವ್ವನಿಗೆ ಎಪ್ಪತ್ತೊಂದು ತುಂಬಿದೆ. ಆಧಾರ ಕಾರ್ಡಿನಲ್ಲಿ ಮಾತ್ರ ಅರವತ್ತೆಂಟು. ವಯಸ್ಸು ಬರೆದುಕೊಳ್ಳಲು ಬಂದವನಿಗೆ ಆಕೆ, "ನಿನ್ನ ಕಣ್ಣಿಗೆ ಎಷ್ಟ ಕಾಣ್ತೇನಿ ಅಷ್ಟ ಬರಕೋಪಾ" ಎಂದಿದ್ದಳು. ಮೂರು ವರ್ಷ ಇಳಿಸಿ ಬರೆದ ಆ ಪುಣ್ಯಾತ್ಮನ ಮೇಲೆ ಆಕೆಗೆ ಇಂದಿಗೂ ಅಭಿಮಾನ. ಅವನ ಕಣ್ಣೂ ತಪ್ಪಾಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಅಂಗಳ ಗುಡಿಸಿ, ಎಮ್ಮೆಗೆ ಮೇವು ಹಾಕಿ, ಎರಡು ಕೊಡ ನೀರು ತಂದು ಇಟ್ಟಿರುತ್ತಾಳೆ. ಸೊಸೆ ರೇಣು, "ಅತ್ತೀ, ಒಂದೀಟ ಕುಂದರ್ರಿ" ಎಂದರೆ, "ಕುಂತರ ತುಕ್ಕ ಹಿಡೀತೇನಿ ತಂಗೀ" ಎನ್ನುವ ಹೆಂಗಸು.

ಅಂಥವಳು ದಿನಕ್ಕೆ ಮೂರು ತಾಸು ಅಲುಗಾಡದೆ ಕುಳಿತುಕೊಳ್ಳುವ ಜಾಗವೊಂದಿತ್ತು. ಅದು ಪದ್ಮವ್ವನ ಮನೆಯ ಪಡಸಾಲೆ. ಮಧ್ಯಾಹ್ನದ ಊಟ ಮುಗಿದ ಮೇಲೆ ನಾಲ್ವರು ಗೆಳತಿಯರು ಅಲ್ಲಿ ಸೇರಿ ಕೌದಿ ಹೊಲಿಯುತ್ತಿದ್ದರು. ಮೂವತ್ತು ವರ್ಷಗಳಿಂದ ಒಬ್ಬೊಬ್ಬರಿಗೂ ಒಂದೊಂದು ಮೂಲೆ ಗೊತ್ತಾಗಿತ್ತು. ಕಂಬದ ಮಗ್ಗುಲಿನ ಮೂಲೆ ಮನೆಯೊಡತಿ ಪದ್ಮವ್ವನದು. ನಾಲ್ವರಲ್ಲಿ ಹಿರಿಯಳೂ ಆಕೆಯೇ, ಎಪ್ಪತ್ತಾರು. ಬಾಗಿಲ ಕಡೆಯದು ಕಾಡವ್ವನದು. ಅಡಿಗೆಮನೆಯ ಕಡೆಯದು ಚನ್ನವ್ವನದು, ಏಕೆಂದರೆ ಚಹಾದ ವಾಸನೆ ಮೊದಲು ತನ್ನ ಮೂಗಿಗೆ ತಗುಲಬೇಕು ಎಂಬುದು ಆಕೆಯ ಹಟ. ಕಿಟಕಿಯ ಕೆಳಗಿನ ಬೆಳಕಿನ ಮೂಲೆ ಅಜೀಜಾಬಿಯದು.

ಹಳೆಯ ಸೀರೆ, ಧೋತರಗಳನ್ನು ಪದರುಪದರಾಗಿ ನೆಲದ ಮೇಲೆ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ನಾಲ್ವರೂ ತಮ್ಮ ತಮ್ಮ ಮೂಲೆಯಿಂದ ಹೊಲಿಯುತ್ತ ನಡುವಿಗೆ ಬರುತ್ತಿದ್ದರು. ಮೂಲೆ ಹಿಡಿದವಳೇ ಅದನ್ನು ನಡುವಿನವರೆಗೆ ತರಬೇಕು ಎಂಬುದು ಕಟ್ಟಳೆ. ನಡುವೆ ಅಂಗೈಯಷ್ಟು ಜಾಗ ಉಳಿದಾಗ ಒಂದು ಹೋಳಿಗೆಯ ಚೂರನ್ನು ಪದರಿನೊಳಗೆ ಇಟ್ಟು ಮುಚ್ಚುತ್ತಿದ್ದರು. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎಂದು ಹೆಸರು. ಹೊಟ್ಟೆ ತುಂಬಿದ ಕೌದಿ ಹೊದ್ದವರು ಹಸಿದು ಮಲಗುವುದಿಲ್ಲವಂತೆ. ಆ ಕೊನೆಯ ಹೊಲಿಗೆ ಯಾವಾಗಲೂ ಅಜೀಜಾಬಿಯದೇ. ಅವಳ ಹೊಲಿಗೆ ಜೀರಿಗೆ ಕಾಳು ಸಾಲಾಗಿ ಇಟ್ಟಂತೆ, ಅಷ್ಟು ಸಣ್ಣದು, ಅಷ್ಟು ಸಮ.

ಈ ಸಲ ಯುಗಾದಿಯ ನಂತರ ಕಿಟಕಿಯ ಮೂಲೆ ಖಾಲಿ ಬಿತ್ತು. ಅಜೀಜಾಬಿಯ ಮೊಣಕಾಲುಗಳು ಬಾತುಕೊಂಡಿದ್ದವು. ಬೈಲಹೊಂಗಲದ ಡಾಕ್ಟರು ಗುಳಿಗೆ ಕೊಟ್ಟು, ಇನ್ನು ಮೇಲೆ ನೆಲಕ್ಕೆ ಕೂರಬಾರದು ಎಂದು ಹೇಳಿ ಕಳಿಸಿದ್ದರು. ಹೊಲಿಯುತ್ತಿದ್ದದ್ದು ಚನ್ನವ್ವನ ಮೊಮ್ಮಗಳು ಅನ್ನಪೂರ್ಣಾಳ ಕೌದಿ. ಹುಡುಗಿ ತವರಿನಲ್ಲಿ ಬಾಣಂತನ ಮುಗಿಸಿ, ಕೂಸಿನೊಂದಿಗೆ ರಾಮದುರ್ಗದ ಗಂಡನ ಮನೆಗೆ ಹೊರಡುವವಳಿದ್ದಳು. ಕಾರಹುಣ್ಣಿಮೆಯೊಳಗೆ ಕಳಿಸಬೇಕು. ಮೂರು ಮೂಲೆಗಳು ಮೊಳದಷ್ಟು ಒಳಗೆ ಬಂದಿದ್ದವು, ನಾಲ್ಕನೆಯದು ಅಂಚಿನಲ್ಲೇ ನಿಂತಿತ್ತು.

ಒಂದು ದಿನ ಪದ್ಮವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿಯೇಬಿಟ್ಟಳು.

"ಮೂಲಿ ಖಾಲಿ ಇಟಗೊಂಡ ಎಷ್ಟ ದಿನಾ ಕುಂದ್ರೂದು? ಸೋಮವಾರದಿಂದ ಓಣ್ಯಾಗಿನ ಗಂಗಾ ಬರ್ತಾಳ. ಕೈ ಚಲೋ ಐತಿ ಆಕೀದು."

"ಅಜೀಜಾಬಿ ಮೂಲಿಗೇನ್ರಿ?" ಎಂದಳು ಕಾಡವ್ವ.

"ಮತ್ತ್ಯಾರ ಮೂಲಿಗಿ? ನಾ ಏನ ಸಿಟ್ಟಿಂದ ಹೇಳಾಕತ್ತಿಲ್ಲ. ಕುಂದ್ರಾಕ ಬರೂದಿಲ್ಲ ಅಂದ ಮ್ಯಾಲೆ ಏನ ಮಾಡೂದು?"

ಚನ್ನವ್ವ ಮೊಮ್ಮಗಳ ಚಿಂತೆಯಲ್ಲೇ ಸೂಜಿ ಆಡಿಸುತ್ತಿದ್ದಳು.

ಆ ಸಂಜೆ ಕಾಡವ್ವ ಅಜೀಜಾಬಿಯ ಮನೆಗೆ ಹೋದಳು. ಅಜೀಜಾಬಿಯ ಮಗ ಸಾಜಿದ್ ಮದುವೆಗಳಿಗೆ ಶಾಮಿಯಾನ, ಕುರ್ಚಿ, ಟೇಬಲ್ ಬಾಡಿಗೆಗೆ ಕೊಡುತ್ತಿದ್ದ. ಅಂಗಳದ ತುಂಬ ಅವನ ಸಾಮಾನು. ಅದರ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜೀಜಾಬಿ ಕಾಲು ಚಾಚಿ ಕುಳಿತಿದ್ದಳು. ಹೊತ್ತು ಮುಳುಗುವ ಸಮಯವಾದರೂ ತಲೆ ಬಾಚಿರಲಿಲ್ಲ. ತಲೆಗೆ ಎಣ್ಣೆ ಹಚ್ಚದೆ ಬಾಗಿಲು ದಾಟದಿದ್ದ ಹೆಂಗಸು ಅವಳು. ಕಾಡವ್ವನಿಗೆ ಕಾಲಿನ ಊತಕ್ಕಿಂತ ಆ ಕೆದರಿದ ತಲೆಯೇ ಹೆದರಿಕೆ ಹುಟ್ಟಿಸಿತು.

"ಏನ ಅಜೀಜಾ, ಬಾಡಿಗಿ ಸಾಮಾನಿನ ಜೋಡಿ ನಿನ್ನನ್ನೂ ಇಟ್ಟಾನೇನ ನಿನ್ನ ಮಗಾ?"

"ಯಾರ ಒಯ್ತಾರಬೇ ನನ್ನ? ಎತ್ತಾಕ ನಾಕ ಮಂದಿ ಬೇಕು." ನಗಲು ನೋಡಿದಳು, ನಗೆ ಪೂರ್ತಿ ಬರಲಿಲ್ಲ. "ಊಟಾ ಕುರ್ಚಿ ಮ್ಯಾಲೆ, ನಮಾಜ ಕುರ್ಚಿ ಮ್ಯಾಲೆ. ಅಲ್ಲಾ ಒಪ್ಕೋತಾನ. ನಿಮ್ಮ ಪದ್ಮಕ್ಕ ಒಪ್ಕೊಳ್ಳೂದಿಲ್ಲ."

ಆಮೇಲೆ ಮಡಿಲಿನಿಂದ ಒಂದು ತಗಡಿನ ಡಬ್ಬಿ ತೆಗೆದು ಚಾಚಿದಳು. ಅವಳ ಸೂಜಿಗಳ ಡಬ್ಬಿ.

"ಗಂಗಾ ಬರ್ತಾಳಂತ ಕೇಳೇನಿ. ಆಕೀಗಿ ಕೊಡು. ಸೂಜಿ ಕುಂತಲ್ಲೇ ಜಂಗ ಹಿಡೀತಾವ."

ಕಾಡವ್ವ ಕೈ ಹಿಂದಕ್ಕೆ ಎಳೆದುಕೊಂಡಳು. "ನಿನ್ನ ಡಬ್ಬಿ ನೀನ ಇಟಗೋ. ನಾ ಏನ ನಿನ್ನ ಸೊಸಿ ಅದೇನೇನ, ಹೇಳಿದಲ್ಲಿ ಒಯ್ಯಾಕ?"

ಜೋರು ಮಾಡಿ ಬಂದಳೇನೋ ನಿಜ. ಆದರೆ ದಾರಿಯುದ್ದಕ್ಕೂ ಆ ಡಬ್ಬಿಯೇ ಕಣ್ಣೆದುರು ಇತ್ತು. ಅದನ್ನು ಒಮ್ಮೆ ಕೊಟ್ಟುಬಿಟ್ಟರೆ ಅಜೀಜಾಬಿ ಆ ಕುರ್ಚಿಯಿಂದ ಮತ್ತೆ ಏಳಲಾರಳು ಎಂದು ಆಕೆಯ ಮನಸ್ಸು ಹೇಳುತ್ತಿತ್ತು. ಮೊಣಕಾಲಿಗೆ ಗುಳಿಗೆಯಾದರೂ ಉಂಟು. ಬೇಡವಾದೆ ಎಂಬ ನೋವಿಗೆ ಯಾವ ಗುಳಿಗೆ?

ಮರುದಿನ ಕಿತ್ತೂರಿನಲ್ಲಿ ಸೋದರಳಿಯನ ಮಗಳ ಮದುವೆಯಿತ್ತು. ಕಾಡವ್ವ ಬಸ್ಸಿನಲ್ಲಿ ಆಧಾರ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ಪಡೆದು, ಕಿಟಕಿಯ ಬದಿ ಹಿಡಿದು ಹೋದಳು. ಅಕ್ಕಿಕಾಳು ಬಿದ್ದ ಮೇಲೆ ಆಕೆಗೆ ಒಂದು ಹಸಿರು ಸೀರೆ ಉಡುಗೊರೆಯಾಗಿ ಸಿಕ್ಕಿತು. ಊಟಕ್ಕೆ ಕರೆದರು. ಉದ್ದನೆಯ ಟೇಬಲ್‌ಗಳ ಮೇಲೆ ಬಿಳಿ ಕಾಗದ ಹಾಸಿ, ಎಲೆ ಇಟ್ಟು, ಕುರ್ಚಿಯ ಮೇಲೆ ಪಂಗತಿ. ಕಾಡವ್ವನಿಗೆ ಈ ಟೇಬಲ್ ಊಟ ಅಷ್ಟಾಗಿ ಸೇರುತ್ತಿರಲಿಲ್ಲ. ನಿಂತು ಉಂಡ ಹಾಗೂ ಅಲ್ಲ, ಕುಳಿತು ಉಂಡ ಹಾಗೂ ಅಲ್ಲ ಎಂದು ಗೊಣಗುತ್ತಲೇ ಕುಳಿತಳು.

ಪಕ್ಕದಲ್ಲಿ ಆಕೆಗಿಂತ ಹಿರಿಯನಾದ ಅಜ್ಜನೊಬ್ಬ ಗೋಧಿ ಹುಗ್ಗಿಗೆ ತುಪ್ಪ ಸುರಿಸಿಕೊಳ್ಳುತ್ತಿದ್ದ.

"ಈ ಟೇಬಲ್ ಕಂಡ ಹಿಡದಾಂವಗ ಕೈ ಮುಗೀಬೇಕ ನೋಡವಾ," ಎಂದ ಅವನು. "ಮೊದಲ ನನ್ನ ಒಂದ ಮೂಲ್ಯಾಗ ಹೊರಸಿನ ಮ್ಯಾಲೆ ಕುಂದ್ರಿಸಿ, 'ಅಜ್ಜಗ ಅಲ್ಲೇ ಕೊಡ್ರಿ' ಅಂತಿದ್ರು. ಹುಗ್ಗಿ ಬರೂದರಾಗ ತುಪ್ಪ ತೀರಿರತಿತ್ತು. ಈಗ ನೋಡು, ಪಂಗತ್ಯಾಗ ಅದೇನಿ."

ಕಾಡವ್ವ ಪಂಗತಿಯನ್ನು ನೋಡಿದಳು. ಅರ್ಧಕ್ಕರ್ಧ ಮಂದಿ ಮೊಣಕಾಲು ಮಡಚಲಾರದವರೇ. ಎಲ್ಲರ ಸಾಲಿನಲ್ಲಿ ಕುಳಿತು, ಎಲ್ಲರೊಂದಿಗೆ ಮಾತಾಡುತ್ತ ಉಣ್ಣುತ್ತಿದ್ದಾರೆ. ಆಮೇಲೆ ಎಲೆಯ ಕೆಳಗಿನ ಬಿಳಿ ಕಾಗದವನ್ನು ನೋಡಿದಳು. ಹಾಸಿದ ಕೌದಿಯ ಅಡಿಯ ಪದರಿನಂತೆಯೇ ಕಂಡಿತು. ಎಡಗೈಯನ್ನು ಮೆಲ್ಲಗೆ ಅಂಚಿನ ಮೇಲಿಟ್ಟು ಗೇಣು ಹಾಕಿದಳು. ಅಗಲ ಮೂರು ಗೇಣಿಗೆ ತುಸು ಕಡಿಮೆ. ಉದ್ದದ ನಾಲ್ಕನೆಯ ಗೇಣು ಹಾಕುವಷ್ಟರಲ್ಲಿ ಆಕೆಯ ಕೈ ಅಜ್ಜನ ಎಲೆಯ ಕೆಳಗೆ ಹೋಗಿತ್ತು.

ಬಡಿಸುವವನು ಬಕೆಟ್ಟು ಹಿಡಿದು ನಿಂತುಬಿಟ್ಟ. "ಏನಬೇ ಆಯೀ, ಟೇಬಲ್ ಖರೀದಿ ಮಾಡಾಕತ್ತೀಯೇನ?"

"ಟೇಬಲ್ ಅಲ್ಲೋ, ಒಂದ ಮೂಲಿ ಉಳಸಾಕತ್ತೇನಿ," ಎಂದಳು ಕಾಡವ್ವ. "ನೀ ಹುಗ್ಗಿ ಹಾಕು."

ಮೂರು ಟೇಬಲ್ ಕೂಡಿಸಿದರೆ ಒಂದು ಕೌದಿ. ಬಸ್ಸಿನಲ್ಲಿ ಮರಳುವಾಗ ಈ ಲೆಕ್ಕವನ್ನು ಎಷ್ಟು ಸಲ ಹಾಕಿದಳೋ! ಹಿಂದಿನ ಸಂಜೆ ಸಾಜಿದನ ಅಂಗಳದಲ್ಲಿ ಅದೇ ಟೇಬಲ್‌ಗಳ ನಡುವೆ ಕುಳಿತು ಇಬ್ಬರೂ ಅಳುಮೋರೆ ಹಾಕಿದ್ದರಲ್ಲ ಎಂದು ಒಬ್ಬಳೇ ನಕ್ಕಳು.

ಮರುಮಧ್ಯಾಹ್ನ ಪಡಸಾಲೆಯಲ್ಲಿ ವಿಷಯ ತೆಗೆದಾಗ ಪದ್ಮವ್ವ ತಲೆಯನ್ನೂ ಎತ್ತಲಿಲ್ಲ.

"ಟೇಬಲ್ ಮ್ಯಾಲೆ ಹೊಲಿಯೂದು ಟೇಲರ್ ಕೆಲಸ. ಕೌದಿ ಮ್ಯಾಲೆ ಕುಂತ ಹೊಲಿಬೇಕು. ಮೈಭಾರ ಬಿದ್ದರ ಪದರು ಹಂದಾಡೂದಿಲ್ಲ. ನಮ್ಮತ್ತಿ ಹಂಗ ಕಲಿಸ್ಯಾಳ, ನಾ ಹಂಗ ಹೊಲೀತೇನಿ."

"ಅಜೀಜಾಬಿ ಸಲುವಾಗಿ, ಒಂದ ಸಲ..."

"ಒಬ್ಬಾಕಿ ಸಲುವಾಗಿ ಮೂರು ಮಂದಿ ಗಿಳಿ ಹಂಗ ಮ್ಯಾಲೆ ಕುಂದ್ರೂದೇನ? ಸೋಮವಾರ ಗಂಗಾ ಬರ್ತಾಳ. ಮಾತ ಮುಗೀತು."

ಅಂದು ಕಾಡವ್ವ ಒಂದು ಸಾಲನ್ನೂ ನೆಟ್ಟಗೆ ಹೊಲಿಯಲಿಲ್ಲ. ಹೊತ್ತಾಯಿತೆಂದು ಚನ್ನವ್ವನೊಡನೆ ಎದ್ದು ಹೊರಟಳು. ಪದ್ಮವ್ವ ಎಂದಿನಂತೆ, "ನೀವ ನಡೀರಿ, ನಂದ ಇನ್ನೊಂದ ಸಾಲ ಐತಿ" ಎಂದಳು. ಅದು ಆಕೆಯ ರೂಢಿ. ಎಲ್ಲರಿಗಿಂತ ಮೊದಲು ಕೂರುವವಳು, ಎಲ್ಲರಿಗಿಂತ ಕೊನೆಗೆ ಏಳುವವಳು. ಈ ವಯಸ್ಸಿನಲ್ಲಿಯೂ ಎಂಥ ಶ್ರದ್ಧೆ ಎಂದು ಓಣಿಯೆಲ್ಲ ಹೊಗಳುತ್ತಿತ್ತು.

ಓಣಿಯ ತಿರುವು ದಾಟಿದ ಮೇಲೆ ಕಾಡವ್ವನಿಗೆ ಚಸ್ಮಾ ಬಿಟ್ಟು ಬಂದದ್ದು ನೆನಪಾಯಿತು. ತಿರುಗಿ ಬಂದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಡುವಷ್ಟರಲ್ಲಿ ಕಂಡದ್ದನ್ನು ನೋಡಿ ಅಲ್ಲಿಯೇ ನಿಂತಳು.

ಪದ್ಮವ್ವ ಹೊಲಿಯುತ್ತಿರಲಿಲ್ಲ. ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ಕೂಸಿನಂತೆ ಅಂಬೆಗಾಲಿಕ್ಕುತ್ತ ಕಂಬದ ಕಡೆಗೆ ಸರಿಯುತ್ತಿದ್ದಳು. ಕಂಬವನ್ನು ಮುಟ್ಟಿ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. ಅದನ್ನು ಅಪ್ಪಿಕೊಂಡು, "ಶಿವನ... ಯಪ್ಪಾ ಶಿವನ..." ಎನ್ನುತ್ತ ಒಂದು ಮೊಣಕಾಲು ಎತ್ತಿದಳು. ಅದು ನಿಲ್ಲಲಿಲ್ಲ. ಮತ್ತೆ ಕುಸಿದಳು.

ಓಡಿ ಹೋಗಿ ಹಿಡಿಯಬೇಕೆಂದು ಕಾಡವ್ವನ ಕಾಲು ಮುಂದಾಯಿತು. ಆದರೆ ಹಿಡಿದರೆ? ಊರಿಗೆ ಬುದ್ಧಿ ಹೇಳುವ ಪದ್ಮಕ್ಕ ಮುಂದೆ ತನ್ನ ಮುಖವನ್ನು ಹೇಗೆ ನೋಡಿಯಾಳು? ಮೂವತ್ತು ವರ್ಷದ ಶ್ರದ್ಧೆ ಏನೆಂಬುದು ಕಾಡವ್ವನಿಗೆ ಆ ಗಳಿಗೆಯಲ್ಲಿ ಅರ್ಥವಾಗಿತ್ತು. ಎಲ್ಲ ವರ್ಷಗಳದ್ದಲ್ಲದಿದ್ದರೂ ಕೊನೆಯ ಎರಡು ಮೂರು ವರ್ಷಗಳದ್ದು. ಏಳುವುದನ್ನು ಯಾರೂ ನೋಡಬಾರದು, ಅಷ್ಟೇ.

ಆಕೆ ಹೆಜ್ಜೆಯ ಸಪ್ಪಳವಾಗದಂತೆ ಹಿಂದಕ್ಕೆ ಸರಿದು, ಕಟ್ಟೆಯ ಆಚೆ ನಿಂತು ಕೆಮ್ಮಿದಳು. ಸ್ವಲ್ಪ ತಡೆದು ಮತ್ತೆ ಕೆಮ್ಮಿದಳು. ಬೀದಿಯಲ್ಲಿ ಹೋಗುತ್ತಿದ್ದ ಒಂದು ನಾಯಿಯನ್ನು ಸುಮ್ಮನೆ ಬೈದಳು. ಇನ್ನೂ ಸ್ವಲ್ಪ ಕೆಮ್ಮಿ, ಸಾಕಷ್ಟು ಹೊತ್ತಾಯಿತು ಎನಿಸಿದಾಗ ಕೂಗಿದಳು: "ಯಕ್ಕಾ, ಅದೀರೇನ್ರಿ? ಚಸ್ಮಾ ಮರತೇನಿ!"

ಒಳಗೆ ಹೋದಾಗ ಪದ್ಮವ್ವ ಕಂಬಕ್ಕೆ ಆತು ನೆಟ್ಟಗೆ ನಿಂತಿದ್ದಳು. ಹಣೆಯ ಮೇಲಿನ ವಿಭೂತಿ ಬೆವರಿಗೆ ಇಳಿದಿತ್ತು. "ಮರಿಯೂದು ಬಿಟ್ಟ ನಿನಗ ಮತ್ತೇನ ಬರ್ತೈತಿ?" ಎಂದು ಚಸ್ಮಾ ಕೊಟ್ಟಳು.

ಕಾಡವ್ವ ಎಂದೂ ಸುಳ್ಳು ಹೇಳದವಳೇನಲ್ಲ, ಆದರೆ ಮರುದಿನ ಹೇಳಿದಂಥ ಸುಳ್ಳನ್ನು ಹಿಂದೆಂದೂ ಹೇಳಿರಲಿಲ್ಲ. ಪಡಸಾಲೆಗೆ ಎಡಗಾಲು ಎಳೆಯುತ್ತ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಯಕ್ಕಾ, ನಂದೂ ಮುಗೀತ್ರಿ. ಮೊನ್ನಿ ಬಸ್ಸ ಇಳಿಯೂ ಮುಂದ ಮಣಕಾಲ ಕಟ್ಟ ಅಂತು. ನೆಲಕ್ಕ ಕುಂದ್ರಾಕ ಆಗವಲ್ದು. ನನ್ನ ಮೂಲಿಗೂ ಯಾರನ್ನರ ನೋಡ್ರಿ."

"ಅಯ್ಯ ಶಿವನ!" ಎಂದಳು ಚನ್ನವ್ವ. "ಎರಡ ಮೂಲಿ ಹೋದ್ರ ನಮ್ಮ ಅನ್ನಪೂರ್ಣಾ ಏನ ಹೊದ್ದಕೊಂಡ ಹೋಗ್ಬೇಕ?"

ಪದ್ಮವ್ವ ಕಾಡವ್ವನ ಕಾಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುಖವನ್ನು ನೋಡಿದಳು. ಕಾಡವ್ವ ಕಣ್ಣು ತಪ್ಪಿಸಿ ಸೊಂಟದ ಮೇಲೆ ಕೈಯಿಟ್ಟು ನರಳಿದಳು. ಮೊಣಕಾಲು ನೋಯುವವರು ಸೊಂಟ ಹಿಡಿಯುವುದಿಲ್ಲ ಎಂಬುದು ಆಕೆಗೆ ಹೊಳೆದಿರಲಿಲ್ಲ.

"ಇಬ್ಬರದೂ ಹೋತಂದ್ರ ಏನ ಮಾಡೂದು," ಎಂದಳು ಪದ್ಮವ್ವ ಕೊನೆಗೆ. "ನಿಮ್ಮಿಬ್ಬರ ಸಲುವಾಗಿ ನಾ ತ್ರಾಸ ತಗೋಬೇಕಾತು. ತರಸು ನಿನ್ನ ಟೇಬಲ್."

ಸೋಮವಾರ ಸಾಜಿದನ ಟೆಂಪೋ ಬಂದು ನಿಂತಿತು. ಹಿಂದೆ ಮೂರು ಟೇಬಲ್, ನಾಲ್ಕು ಕುರ್ಚಿ. ಮುಂದಿನ ಸೀಟಿನಲ್ಲಿ ಅಜೀಜಾಬಿ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿದ್ದಳು. ಮಡಿಲಿನಲ್ಲಿ ತಗಡಿನ ಡಬ್ಬಿ.

"ಬಾಡಿಗಿ ಸಾಮಾನ ಬಂದೈತಿ, ಇಳಿಸಿಕೊಳ್ರಿ!" ಎಂದು ಅವಳೇ ಕೂಗಿದಳು.

ಮೊದಲ ದಿನ ಪದ್ಮವ್ವ ಹೇಳಿದ್ದೇ ನಿಜವಾಯಿತು. ಮೈಭಾರವಿಲ್ಲದೆ ಪದರುಗಳು ಜಾರಿದವು. "ನೋಡಿದ್ರಿಲ್ಲೋ?" ಎಂದು ಆಕೆ ಗೆದ್ದ ದನಿಯಲ್ಲಿ ಹೇಳಿದಳು, ಆದರೆ ಹಾಗೆ ಹೇಳುತ್ತಲೇ ಎದ್ದು ಅಡಿಗೆಮನೆಯಿಂದ ಚಟ್ನಿ ಅರೆಯುವ ಗುಂಡುಕಲ್ಲನ್ನು ತಂದು ಕೌದಿಯ ಮೇಲಿಟ್ಟಳು. ಮರುದಿನ ಪ್ರತಿಯೊಬ್ಬಳೂ ತನ್ನ ಮನೆಯ ಗುಂಡುಕಲ್ಲು ತಂದಳು. ನಾಲ್ಕು ಕಲ್ಲುಗಳ ಭಾರಕ್ಕೆ ಪದರುಗಳು ಹೇಳಿದ ಮಾತು ಕೇಳಿದವು. ಕುರ್ಚಿಯಿಂದ ಪದ್ಮವ್ವ ಎದ್ದಳು, ಕೂತಳು, ಮತ್ತೆ ಎದ್ದಳು. ಒಂದೇ ಮಧ್ಯಾಹ್ನದಲ್ಲಿ ಆಕೆ ಅಷ್ಟು ಸಲ ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ನೀರು ಬೇಕೆಂದು ಎದ್ದಳು, ಅಡಿಕೆ ಬೇಕೆಂದು ಎದ್ದಳು, ಬೀದಿಯಲ್ಲಿ ಯಾರು ಹೋದರೆಂದು ನೋಡಲಿಕ್ಕೂ ಎದ್ದಳು.

ಕಷ್ಟವೆಲ್ಲ ಕಾಡವ್ವನದು. ದಿನಾಲೂ ಕುಂಟುತ್ತ ಬರಬೇಕು, ಕುಂಟುತ್ತ ಹೋಗಬೇಕು. ತಿರುವು ದಾಟಿದ ಮೇಲೆ ಮಾತ್ರ ನೆಟ್ಟಗೆ ನಡೆಯುತ್ತಿದ್ದಳು. ನಾಲ್ಕನೆಯ ದಿನ ಚನ್ನವ್ವ ಕಣ್ಣು ಕಿರಿದು ಮಾಡಿ ಕೇಳಿದಳು.

"ಅಲ್ಲಬೇ ಕಾಡವ್ವಾ, ನಿನ್ನೆ ಎಡಗಾಲ ಇತ್ತಲ್ಲ? ಇವತ್ತ ಬಲಗಾಲ ಎಳ್ಯಾಕತ್ತಿ?"

"ಬ್ಯಾನಿ ಅಡ್ಡ್ಯಾಡತೈತಿ," ಎಂದಳು ಕಾಡವ್ವ. "ಒಂದ ಕಡೆ ಕುಂದ್ರಾಕ ಅದೇನ ನಿನ್ನ ಹಂಗ ಚಾ ಕಾಯ್ತೈತೇನ?"

ಅಜೀಜಾಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಪದ್ಮವ್ವ ಮಾತ್ರ ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

ಹೊಲಿಗೆ ನಡುವಿಗೆ ಬಂದಂತೆ ಕೈ ನಿಲುಕದಾಯಿತು. ನೆಲದ ಮೇಲಾದರೆ ಕೌದಿಯ ಮೇಲೆಯೇ ಸರಿದು ಕೂರಬಹುದಿತ್ತು. ಆಗ ಎರಡು ಟೇಬಲ್ ತೆಗೆದು ಒಂದನ್ನೇ ಉಳಿಸಿದರು. ಹೊಲಿದು ಮುಗಿದ ಅಂಚುಗಳು ಎರಡೂ ಕಡೆ ಇಳಿದು ಅವರವರ ತೊಡೆಯ ಮೇಲೆ ಬಿದ್ದವು. ಕೊನೆಯ ದಿನ ಕಾಡವ್ವ ಕಿತ್ತೂರಿನ ಹಸಿರು ಸೀರೆ ಉಟ್ಟು ಬಂದಿದ್ದಳು. ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು. ಚನ್ನವ್ವ ಹೋಳಿಗೆ ತಂದಿದ್ದಳು. ಒಲೆಯ ಮೇಲೆ ಚಹಾಕ್ಕೆ ಹಾಲಿಟ್ಟಿದ್ದರು. ಕಾಡವ್ವ ತನ್ನ ಕೊನೆಯ ಸಾಲನ್ನು ಮುಗಿಸಿ ಗಂಟು ಹಾಕಿದ್ದಳಷ್ಟೇ.

"ಹಾಲ! ಹಾಲ ಉಕ್ಕಾಕತ್ತೈತಿ!" ಎಂದು ಚನ್ನವ್ವ ಕಿರುಚಿದಳು.

ಕಾಡವ್ವ ಜಿಗಿದೆದ್ದಳು. ಎದ್ದವಳು ನಾಲ್ಕು ಹೆಜ್ಜೆ ಓಡಿಯೇಬಿಟ್ಟಳು. ಅವಳ ಹಿಂದೆಯೇ ಕೌದಿಯೂ ಹೊರಟಿತು! ಗುಂಡುಕಲ್ಲುಗಳು ದಡದಡನೆ ನೆಲಕ್ಕೆ ಉರುಳಿದವು. ಅಜೀಜಾಬಿ ತನ್ನ ಕಡೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕಾಡವ್ವ ಗೂಟಕ್ಕೆ ಕಟ್ಟಿದ ಕರುವಿನಂತೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು. ಆಕೆಯ ಹಸಿರು ಸೆರಗು ಗೇಣುದ್ದ ಕೌದಿಗೆ ಸೇರಿ ಹೊಲಿಗೆಯಾಗಿತ್ತು. ಹೊಸದಾಗಿ ಸೂಜಿ ಹಿಡಿದ ಹುಡುಗಿಯರು ಮಾಡುವ ತಪ್ಪು! ಅಂಥವರನ್ನು ಮೂವತ್ತು ವರ್ಷ ಆಡಿಕೊಂಡು ನಕ್ಕವಳು ಕಾಡವ್ವ.

ಎಲ್ಲರೂ ಸೆರಗು ನೋಡಿದರು. ಆಮೇಲೆ ಎಲ್ಲರ ಕಣ್ಣೂ ಮೆಲ್ಲಗೆ ಕೆಳಗಿಳಿದು, ನೆಟ್ಟಗೆ ನಿಂತಿದ್ದ ಎರಡು ಕಾಲುಗಳ ಮೇಲೆ ನಿಂತಿತು. ಹಾಲು ತನ್ನಷ್ಟಕ್ಕೆ ಉಕ್ಕಿ ಒಲೆ ಸೇರಿತು.

"ಮಣಕಾಲ ಯಾವಾಗ ಆರಾಮ ಆತು?" ಎಂದು ಕೇಳಿದಳು ಪದ್ಮವ್ವ.

"ಹಾಲ ಉಕ್ಕಿದಾಗ್ರಿ," ಎಂದಳು ಕಾಡವ್ವ.

ಚನ್ನವ್ವ ನಕ್ಕು ನಕ್ಕು ಕುರ್ಚಿಯಿಂದ ಜಾರುವಂತಾದಳು. ಪದ್ಮವ್ವ ನಗಲಿಲ್ಲ.

"ಚಸ್ಮಾಕ್ಕ ಬಂದ ದಿನಾ ಹೊರಗ ನಿಂತ ಎಷ್ಟ ಸಲ ಕೆಮ್ಮಿದಿ?"

ಕಾಡವ್ವ ಬಿಗಿದ ಸೆರಗನ್ನು ಹಿಡಿದುಕೊಂಡಳು. "ಮೂರ ಸಲ ಇರಬೇಕ್ರಿ."

"ಐದ ಸಲ. ನಡಬರಕ ಒಂದ ನಾಯೀನೂ ಬೈದಿ. ನಾ ಏಳೂತನಕಾ ಅದನ್ನ ಎಣಿಸಿಕೋತ ಇದ್ದೆ." ಪದ್ಮವ್ವ ಮೂವರನ್ನೂ ನೋಡಿ, ಎಂದಿನ ಗಡುಸು ದನಿಯಲ್ಲಿಯೇ ಹೇಳಿದಳು: "ಕೇಳ್ರಿಲ್ಲೆ. ಆಕೀ ಕಾಲಿಗೇನೂ ಆಗಿಲ್ಲ. ಆಗಿದ್ದು ನನ್ನ ಕಾಲಿಗೆ. ಎರಡ ವರ್ಷ ಆತು. ಸಾಕಲ್ಲ? ಇನ್ನ ಆಕೀ ಸೆರಗ ಬಿಡಸ್ರಿ."

ಅಜೀಜಾಬಿ ಚಸ್ಮಾ ಏರಿಸಿ ಸೆರಗನ್ನು ಪರೀಕ್ಷಿಸಿದಳು. "ಗಂಟ ಬಿದ್ದೈತಿ. ಗಂಟ ಹಾಕಿದ ಸಾಲ ಬಿಚ್ಚಬಾರದು. ಹೊಸಾ ಸೀರಿ ಕಾಡವ್ವಾ, ಏನ ಮಾಡ್ಲಿ?"

"ಕತ್ತರಸು," ಎಂದಳು ಕಾಡವ್ವ. "ಕೂಸಿಗಿ ನಂದೂ ಒಂದ ತುಂಡ ಇರಲಿ."

ಕತ್ತರಿ ಆಡಿತು. ಹಸಿರು ತುಂಡು ಜರಿಯಂಚಿನ ಸಮೇತ ಕೌದಿಯಲ್ಲೇ ಉಳಿಯಿತು. ಅಜೀಜಾಬಿ ಹೋಳಿಗೆಯ ಚೂರನ್ನು ಪದರಿನ ನಡುವೆ ಇಟ್ಟು, ಡಬ್ಬಿಯಿಂದ ಅತಿ ಸಣ್ಣ ಸೂಜಿಯನ್ನು ಆರಿಸಿ, ಜೀರಿಗೆಯಂಥ ಹೊಲಿಗೆಯಿಂದ ಕೌದಿಯ ಹೊಟ್ಟೆ ಮುಚ್ಚಿದಳು. ಉಳಿದ ಹೋಳಿಗೆಯನ್ನು ನಾಲ್ಕು ಪಾಲು ಮಾಡಿದರು; ಚನ್ನವ್ವನ ಪಾಲು ಸ್ವಲ್ಪ ದೊಡ್ಡದಾಗಿತ್ತು.

ಕಾರಹುಣ್ಣಿಮೆಗೆ ನಾಲ್ಕು ದಿನ ಮೊದಲೇ ಕೌದಿ ರಾಮದುರ್ಗ ಸೇರಿತು. ಹಸಿರು ತುಂಡು ಯಾರದೆಂದು ಬೀಗರು ಕೇಳಿದರಂತೆ. ಅನ್ನಪೂರ್ಣಾ ಆ ಕಥೆ ಹೇಳಿ ಮುಗಿಸುವಷ್ಟರಲ್ಲಿ ಕೂಸು ಅದರ ಮೇಲೆಯೇ ನಿದ್ದೆ ಹೋಗಿತ್ತಂತೆ.

ಕೌದಿ ಮುಗಿದ ಸಂಜೆ ಸಾಜಿದ್ ಟೇಬಲ್ ಒಯ್ಯಲು ಬಂದಿದ್ದ.

"ಇರಲಿ ಬಿಡೋ," ಎಂದಳು ಪದ್ಮವ್ವ. "ಗಂಗಾನೂ ಬರ್ತೇನಿ ಅಂದಾಳ. ಇನ್ನೊಂದ ಕುರ್ಚಿ ತಂದ ಇಡು."

"ಆಕೀಗಿ ಯಾವ ಮೂಲಿ?" ಎಂದು ಅಜೀಜಾಬಿ ಥಟ್ಟನೆ ಕೇಳಿದಳು, ಡಬ್ಬಿಯ ಮೇಲೆ ಕೈಯಿಟ್ಟು.

"ಮೂಲಿ ನಾಕ ಅದಾವ, ನಾಕೂ ತುಂಬ್ಯಾವ. ಆಕೀ ಸೂಜಿ ಪೋಣಿಸಿ ಕೊಡ್ಲಿ. ನಮ್ಮ ಕಣ್ಣೇನ ಮಣಕಾಲಿಗಿಂತ ಚಲೋ ಅದಾವೇನ?"

ಹಾಗೆಂದ ಪದ್ಮವ್ವ ಟೇಬಲಿನ ಅಂಚನ್ನು ಹಿಡಿದು, ಮೂವರೂ ನೋಡುತ್ತಿದ್ದ ಹಾಗೆಯೇ, ಎಲ್ಲರಿಗಿಂತ ಮೊದಲು ಎದ್ದು ನಿಂತಳು. ಮತ್ತೊಮ್ಮೆ ಹಾಲು ಕಾಯಿಸಲು ಒಳಗೆ ಹೋದಳು.